18 ತುಂಬಿದ ಮೇಲೆ ಮಗನ ದುಡ್ಡು ಯಾರ ಕೈಗೆ?

(ದಾವಣಗೆರೆಯಲ್ಲಿ ವಿಶೇಷ ಮಕ್ಕಳ ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಒಬ್ಬ ತಾಯಿಯ ವಿಷಯದಿಂದ ಶುರು ಮಾಡುತ್ತೇನೆ. ಆಕೆಯನ್ನು ಬ್ಯಾಂಕಿನಿಂದ ಬರಿಗೈಯಲ್ಲಿ ವಾಪಸ್ ಕಳಿಸಿದವಳು ನಾನೇ.

2011ರಲ್ಲಿ ನಾನು ಒಂದು ಸಣ್ಣ ಊರಿನ ಶಾಖೆಯಲ್ಲಿ ಅಧಿಕಾರಿಯಾಗಿದ್ದೆ. ಆಕೆ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದರು. ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ, ಜೊತೆಗೆ ಬುದ್ಧಿಮಾಂದ್ಯತೆ. ಅವನ ಹೆಸರಿನಲ್ಲಿ ತಿಂಗಳಿಗೆ 500 ರೂಪಾಯಿಯಂತೆ 10 ವರ್ಷ ಒಂದು ತಿಂಗಳೂ ತಪ್ಪಿಸದೆ ಆರ್‌ಡಿ ಕಟ್ಟಿದ್ದರು. ಬಡ್ಡಿ ಸೇರಿ 90,000ದ ಹತ್ತಿರ ಬಂದಿತ್ತು. ಅವನಿಗೆ ಸರಿಹೊಂದುವ ಒಂದು ಒಳ್ಳೆಯ ಗಾಲಿಕುರ್ಚಿ ಮಾಡಿಸಬೇಕು, ಉಳಿದದ್ದು ಅವನ ಖರ್ಚಿಗೆ ಅಂತ ಲೆಕ್ಕ ಹಾಕಿಕೊಂಡು ಬಂದಿದ್ದರು. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದರು. ನಾನು ಕಂಪ್ಯೂಟರ್ ನೋಡಿದೆ. ಹುಡುಗನಿಗೆ ಹಿಂದಿನ ತಿಂಗಳಷ್ಟೇ 18 ತುಂಬಿತ್ತು. ಖಾತೆ ನಿಂತುಹೋಗಿತ್ತು. 'ನಿಮ್ಮ ಸಹಿ ಇನ್ನು ನಡೆಯಲ್ಲಮ್ಮ, ಮಗನೇ ಬಂದು ಸಹಿ ಮಾಡಬೇಕು' ಅಂದೆ. ಅವನು ಹೊರಗೆ ಆಟೋದಲ್ಲಿದ್ದ, ನಮ್ಮ ಶಾಖೆಗೆ ಆರು ಮೆಟ್ಟಿಲು. ನಾನೇ ಕೆಳಗೆ ಹೋದೆ. ಪೆನ್ನು ಕೊಟ್ಟರೆ ಅದನ್ನು ಬಿಟ್ಟು ನನ್ನ ಬೆರಳು ಹಿಡಿದುಕೊಂಡು ನಕ್ಕ. ಬಿಡಲೇ ಇಲ್ಲ. ಆಮೇಲೆ ನಾನು ಹೇಳಿದ ಮಾತು ಇದು: 'ಕೋರ್ಟಿಂದ ಆರ್ಡರ್ ತಗೊಂಡು ಬನ್ನಿ.' ಆಕೆ ಕೇಳಿದರು, 'ಯಾವ ಕೋರ್ಟು ಮೇಡಂ?'

ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಅಂತ ಹೇಳಲಿಲ್ಲ. ವಕೀಲರನ್ನು ಕೇಳಿ ಅಂದುಬಿಟ್ಟೆ.

ಆಕೆ ಯಾವ ಕೋರ್ಟಿಗೂ ಹೋಗಬೇಕಿರಲಿಲ್ಲ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಸಮಿತಿ ಇರುತ್ತದೆ, ಅದು ಕೊಡುವ ಗಾರ್ಡಿಯನ್ (ಕಾನೂನಿನ ಪ್ರಕಾರ ಪಾಲಕರು) ಸರ್ಟಿಫಿಕೇಟ್ ನೋಡಿ ಬ್ಯಾಂಕ್ ಅವರಿಗೆ ಖಾತೆ ನಡೆಸಲು ಬಿಡಬಹುದು ಅಂತ ರಿಸರ್ವ್ ಬ್ಯಾಂಕ್ 2007ರಲ್ಲೇ ಸುತ್ತೋಲೆ ಕಳಿಸಿತ್ತು. ಅದು ನಾಲ್ಕು ವರ್ಷದಿಂದ ನಮ್ಮ ಫೈಲಿನಲ್ಲೇ ಇತ್ತು. ನಾನು ಓದಿರಲಿಲ್ಲ. ಆಕೆಗೆ ಆ ದುಡ್ಡು ಸಿಗುವ ಹೊತ್ತಿಗೆ ಒಂದು ವರ್ಷ ದಾಟಿತ್ತು. ಅಷ್ಟು ದಿನ ಆ ಹುಡುಗ ಹಳೆಯ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿದ್ದ, ಸೊಂಟದ ಹತ್ತಿರ ಗಾಯ ಆಗಿತ್ತು. ನಿವೃತ್ತಿಯಾದ ಮೇಲೆ ನಾನು ಊರೂರು ತಿರುಗಿ ಈ ಮಾತು ಆಡುತ್ತಿರುವುದು ಅದಕ್ಕೇ.

ಮೊದಲು ಕಾನೂನು ಹೀಗೆ ಯಾಕಿದೆ ಅಂತ ನೋಡೋಣ. ಯಾಕೆಂದರೆ ಇಲ್ಲಿ ತುಂಬಾ ಜನಕ್ಕೆ ಸಿಟ್ಟಿದೆ. ನಾನೇ ಹೆತ್ತೆ, ನಾನೇ ಸಾಕಿದೆ, ನಾನೇ ದುಡ್ಡು ಕಟ್ಟಿದೆ, ಈಗ ನನ್ನ ಸಹಿ ನಡೆಯಲ್ಲ ಅಂದರೆ ಏನರ್ಥ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಆದರೆ ಮಗುವಿನ ಹೆಸರಿನಲ್ಲಿ ಕಟ್ಟಿದ ದುಡ್ಡು ಕಟ್ಟಿದ ದಿನದಿಂದಲೇ ಮಗುವಿನದು. ತಂದೆತಾಯಿ ಅದನ್ನು ಕಾಯುವವರು ಅಷ್ಟೇ. 18 ತುಂಬಿದ ದಿನ ಆ ಕಾಯುವ ಕೆಲಸ ತಾನಾಗೇ ಮುಗಿಯುತ್ತದೆ. ಇದು ಎಲ್ಲ ಮಕ್ಕಳಿಗೂ ಒಂದೇ. ಅಂಗವಿಕಲ ಮಕ್ಕಳಿಗೆ ಅಂತ ಬೇರೆ ಮಾಡಿದ ಕಾನೂನಲ್ಲ. ಮಗನ ದುಡ್ಡನ್ನು ಬೇರೆಯವರು ಮುಟ್ಟಬಾರದು ಅಂತ ಇರುವ ಬೇಲಿ ಅದು. ನಮ್ಮ ಮಕ್ಕಳಿಗೆ ಆ ಬೇಲಿ ಜಾಸ್ತಿಯೇ ಬೇಕು ಅಂತ ನನ್ನ ಅಭಿಪ್ರಾಯ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ತೊಂದರೆ ಇರುವುದು ಬೇಲಿಯಲ್ಲಲ್ಲ, ಅದರ ಬಾಗಿಲು ಎಲ್ಲಿದೆ ಅಂತ ಯಾರೂ ತೋರಿಸದೇ ಇರುವುದರಲ್ಲಿ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಸ್ವಲ್ಪ ದಾರಿ ಬಿಟ್ಟು ಬ್ರಿಟನ್ನಿಗೆ ಹೋಗಿ ಬರೋಣ. ಅಲ್ಲಿ 2002ರ ಸೆಪ್ಟೆಂಬರ್ 1ರಿಂದ 2011ರ ಜನವರಿ 2ರವರೆಗೆ ಹುಟ್ಟಿದ ಮಕ್ಕಳಿಗೆ ಸರ್ಕಾರವೇ ಒಂದು ಉಳಿತಾಯ ಖಾತೆ ಮಾಡಿಸಿತು. ಚೈಲ್ಡ್ ಟ್ರಸ್ಟ್ ಫಂಡ್ ಅಂತ ಹೆಸರು. ಶುರುವಿನಲ್ಲಿ ತಲಾ 250 ಪೌಂಡ್, ಬಡವರ ಮಕ್ಕಳಿಗೆ 500. ಮನೆಯವರೂ ಅದಕ್ಕೆ ಸೇರಿಸಬಹುದಿತ್ತು. 18 ಆಗುವವರೆಗೆ ತೆಗೆಯುವ ಹಾಗಿಲ್ಲ. ಮೊದಲ ಮಕ್ಕಳಿಗೆ 2020ರ ಸೆಪ್ಟೆಂಬರಿನಲ್ಲಿ 18 ಆಯಿತು. ಉಳಿದವರು ಒಂದು ಅರ್ಜಿ ತುಂಬಿ ದುಡ್ಡು ತಗೊಳ್ಳಬಹುದಿತ್ತು. ಹಣದ ವಿಷಯ ತಾವೇ ತೀರ್ಮಾನ ಮಾಡಲಾಗದ ಮಕ್ಕಳ ತಂದೆತಾಯಿಗೆ ಮಾತ್ರ 'ಕೋರ್ಟ್ ಆಫ್ ಪ್ರೊಟೆಕ್ಷನ್' ಅನ್ನುವ ವಿಶೇಷ ನ್ಯಾಯಾಲಯದ ಆದೇಶ ತನ್ನಿ ಅಂದರು. ಕೈಗೆ ಬರುವುದು ಸಣ್ಣ ಮೊತ್ತ, ತುಂಬಬೇಕಾದ ಫಾರಂ ರಾಶಿ. ಮಗನಿಗಾಗಿ ಒಬ್ಬ ತಂದೆ ಹೋರಾಟಕ್ಕೆ ನಿಂತರು, ಅದು ಪಾರ್ಲಿಮೆಂಟಿನ ತನಕ ಹೋಯಿತು. ಸರ್ಕಾರ ಕೋರ್ಟ್ ಶುಲ್ಕ ಬಿಟ್ಟುಕೊಟ್ಟಿತು. ಸಣ್ಣ ಮೊತ್ತಕ್ಕೆ ಸುಲಭದ ದಾರಿ ಮಾಡೋಣ ಅಂತ ಜನರ ಅಭಿಪ್ರಾಯವನ್ನೂ ಕೇಳಿತು. ಕೊನೆಗೆ 2023ರಲ್ಲಿ ಅದನ್ನು ಕೈಬಿಟ್ಟಿತು. ಅಷ್ಟು ದುಡ್ಡಿರುವ ದೇಶದಲ್ಲೂ ಖಾತೆ ತೆರೆಯುವ ದಿನ ಇದನ್ನು ಯಾರೂ ಯೋಚಿಸಿರಲಿಲ್ಲ, ನೋಡಿ.

ಸರಿ, ನಮ್ಮ ವಿಷಯಕ್ಕೆ ಬರೋಣ. ಯಾವ ಸರ್ಟಿಫಿಕೇಟು, ಎಲ್ಲಿ ಸಿಗುತ್ತೆ ಅಂತ ಕೇಳುವ ಮೊದಲು ಇನ್ನೊಂದು ಪ್ರಶ್ನೆ ಇದೆ. ನಿಮ್ಮ ಮಗನಿಗೆ ಅಥವಾ ಮಗಳಿಗೆ ನಿಜವಾಗಿ ಗಾರ್ಡಿಯನ್ ಬೇಕಾ?

ಸುಮಾರು ಜನ ಇಲ್ಲೇ ಎಡವುತ್ತಾರೆ. ಬ್ಯಾಂಕಿನವರೂ ಎಡವುತ್ತಾರೆ. ವಿಕಲಚೇತನರು ಅಂದ ತಕ್ಷಣ 'ಜೊತೆಗೆ ಯಾರು ಬಂದಿದ್ದಾರೆ' ಅಂತ ನೋಡುತ್ತಾರೆ. ಕಣ್ಣು ಕಾಣದ ಹುಡುಗಿ ಒಬ್ಬಳೇ ಬಂದರೆ ಅಪ್ಪನ ಜೊತೆ ಜಂಟಿ ಖಾತೆ ಮಾಡಿಸಮ್ಮ ಅನ್ನುತ್ತಾರೆ. ಬೇಕಿಲ್ಲ. ಚೆಕ್‌ಬುಕ್, ಎಟಿಎಂ ಕಾರ್ಡ್, ಲಾಕರ್, ನೆಟ್ ಬ್ಯಾಂಕಿಂಗ್, ಯಾವುದನ್ನೂ ಕಣ್ಣು ಕಾಣದ ಕಾರಣಕ್ಕೆ ಇಲ್ಲ ಅನ್ನಬಾರದು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ. ಕಿವಿ ಕೇಳದವರಿಗೆ, ಮಾತು ಬಾರದವರಿಗೆ ಗಾರ್ಡಿಯನ್ ಕೇಳುವುದಂತೂ ಶುದ್ಧ ತಪ್ಪು.

ನನಗೆ ಗೊತ್ತಿರುವ ಒಬ್ಬ ಹುಡುಗಿ ಬಿಕಾಂ ಓದುತ್ತಿದ್ದಳು. ಸೆರೆಬ್ರಲ್ ಪಾಲ್ಸಿ. ಬ್ಯಾಲೆನ್ಸ್ ಶೀಟ್ ನನಗಿಂತ ಚೆನ್ನಾಗಿ ಓದುತ್ತಾಳೆ. ಆದರೆ ಕೈ ಬಿಗಿದುಕೊಂಡು ಸಹಿ ಒಂದೊಂದು ಸಲ ಒಂದೊಂದು ಥರ ಬೀಳುತ್ತದೆ. ಒಂದು ಬ್ಯಾಂಕಿನಲ್ಲಿ ಸಹಿ ತಾಳೆಯಾಗಲಿಲ್ಲ ಅಂತ ಮೂರು ಸಲ ಚಲನ್ ವಾಪಸ್ ಕೊಟ್ಟರಂತೆ, ಅಮ್ಮನಿಗೆ ಗಾರ್ಡಿಯನ್‌ಶಿಪ್ ಮಾಡಿಸಿಕೊಂಡು ಬಾ ಅಂದರಂತೆ. ಬುದ್ಧಿ ಇಷ್ಟು ಚುರುಕಾಗಿರುವ ಹುಡುಗಿಯ ಹಕ್ಕನ್ನು, ಕೈ ನಡುಗುತ್ತದೆ ಅಂತ ಅಮ್ಮನ ಹೆಸರಿಗೆ ಬರೆದುಕೊಡುವುದಾ? ಸಹಿ ಆಗದವರು ಹೆಬ್ಬೆಟ್ಟು ಒತ್ತಬಹುದು. ಕೈಯೇ ಇಲ್ಲದವರು ಕಾಲಿನ ಹೆಬ್ಬೆರಳು ಒತ್ತಬಹುದು. ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯ ಅಧಿಕಾರಿ ಆಗಿರಬೇಕು. ಇಷ್ಟೇ ನಿಯಮ. ಆ ಹುಡುಗಿ ಈಗ ಹೆಬ್ಬೆಟ್ಟಿನಲ್ಲೇ ಖಾತೆ ನಡೆಸುತ್ತಾಳೆ. ಓದಿದವಳು ಹೆಬ್ಬೆಟ್ಟು ಒತ್ತಬೇಕಲ್ಲ ಅಂತ ಅವಳಿಗೆ ಮೊದಮೊದಲು ತುಂಬಾ ನಾಚಿಕೆ ಆಯಿತು. ಆ ನಾಚಿಕೆ ನಮ್ಮ ಸಮಾಜ ಅವಳಿಗೆ ಕೊಟ್ಟದ್ದು. ಅವಳದ್ದೇನೂ ತಪ್ಪಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 13 ನೆನಪಿಟ್ಟುಕೊಳ್ಳಿ, ಒಂದು ಚೀಟಿಯಲ್ಲಿ ಬರೆದು ಪಾಸ್‌ಬುಕ್ ಒಳಗೇ ಇಟ್ಟುಕೊಳ್ಳಿ. ಆಸ್ತಿ ಹೊಂದುವ, ತಮ್ಮ ಹಣದ ವ್ಯವಹಾರ ತಾವೇ ನೋಡಿಕೊಳ್ಳುವ, ಬ್ಯಾಂಕ್ ಸಾಲ ಪಡೆಯುವ ಹಕ್ಕು ಎಲ್ಲರ ಹಾಗೇ ಅವರಿಗೂ ಇದೆ ಅಂತ ಅದು ಹೇಳುತ್ತದೆ. ಮೊಬೈಲಿನಲ್ಲಿ ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ಮಾಡುವಾಗ ಕಣ್ಣು ಮಿಟುಕಿಸಿ ಅನ್ನುತ್ತದಲ್ಲ, ಅದು ಆಗದೆ ಆಸಿಡ್ ದಾಳಿಗೆ ಒಳಗಾದವರು ಮತ್ತು ಕಣ್ಣು ಕಾಣದವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೌಲಭ್ಯ ಎಲ್ಲರ ಕೈಗೆ ಎಟುಕುವುದು ಜೀವಿಸುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿ, ಕೆವೈಸಿಯನ್ನು ಇವರಿಗೂ ಆಗುವ ಹಾಗೆ ಮಾಡಿ ಅಂತ ನಿರ್ದೇಶನ ಕೊಟ್ಟಿತು. ಕೌಂಟರಿನಲ್ಲಿ ವಾದಕ್ಕೆ ನಿಂತಾಗ ಇವೆಲ್ಲ ಕೆಲಸಕ್ಕೆ ಬರುತ್ತವೆ.

ಈಗ ನಡುವಿನ ಮಕ್ಕಳ ವಿಷಯ. ಪೂರ್ತಿ ತಾವೇ ನೋಡಿಕೊಳ್ಳಲಾರರು, ಆದರೆ ಏನೂ ತಿಳಿಯದವರೂ ಅಲ್ಲ. ನನ್ನ ಅಣ್ಣನ ಮಗ ಅಂಥವನು. ಡೌನ್ ಸಿಂಡ್ರೋಮ್. ಅವನಿಗೆ 12 ಆದಾಗ ನಾನು ಅಣ್ಣ–ಅತ್ತಿಗೆಯ ಹತ್ತಿರ ಹಟ ಹಿಡಿದು ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಲು ಶುರು ಮಾಡಿದೆ. 10 ವರ್ಷ ದಾಟಿದ ಮಕ್ಕಳು ತಾವೇ ಖಾತೆ ನಡೆಸಲು ಬ್ಯಾಂಕ್ ಬಿಡಬಹುದು, ಎಷ್ಟರ ಮಿತಿ ಅಂತ ಆಯಾ ಬ್ಯಾಂಕ್ ತೀರ್ಮಾನ ಮಾಡುತ್ತದೆ. ಶನಿವಾರ ಬೆಳಿಗ್ಗೆ, ಜನ ಕಡಿಮೆ ಇರುವ ಹೊತ್ತು ನೋಡಿ ಹೋಗುತ್ತಿದ್ದೆವು. ಮೊದಲ ಎರಡು ತಿಂಗಳು ಅವನು ಟೋಕನ್ ಹಿಡಿದುಕೊಂಡು ಕೂರುವುದನ್ನಷ್ಟೇ ಕಲಿತ. ಆಮೇಲೆ ಚಲನ್‌ನಲ್ಲಿ 2, 0, 0 ಬರೆಯುವುದು. ಸೊನ್ನೆಯನ್ನು ಎಷ್ಟು ದೊಡ್ಡದಾಗಿ ಬರೆಯುತ್ತಿದ್ದ ಅಂದರೆ ಎರಡನೆಯದಕ್ಕೆ ಚೌಕದಲ್ಲಿ ಜಾಗವೇ ಉಳಿಯುತ್ತಿರಲಿಲ್ಲ. ಸಹಿ ಅಂದರೆ ಹೆಸರಿನ ಮೂರು ಅಕ್ಷರ, ಕನ್ನಡದಲ್ಲಿ. ಮನೆಯಲ್ಲಿ ಸ್ಲೇಟಿನ ಮೇಲೆ ದಿನಾ ಹತ್ತು ಸಲ. ಒತ್ತಕ್ಷರ ಬರುವ ಪೂರ್ತಿ ಹೆಸರು ಬೇಡ, ಕರೆಯುವ ಹೆಸರಿನ ಮೂರೇ ಅಕ್ಷರ ಸಾಕು ಅಂತ ನಾನೇ ಆರಿಸಿದ್ದೆ. ಸಹಿ ಸುಲಭವಾಗಿದ್ದಷ್ಟೂ ಪ್ರತಿ ಸಲ ಒಂದೇ ಥರ ಬೀಳುತ್ತದೆ.

ಕ್ಯಾಷಿಯರ್ ಒಬ್ಬರು ಬಹಳ ಒಳ್ಳೆಯವರು. ದುಡ್ಡನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ಇಪ್ಪತ್ತರ ಹತ್ತು ನೋಟು ತೆಗೆದು ಅವನ ಮುಂದೆ ಒಂದೊಂದಾಗಿ ಇಟ್ಟು 'ಎಣಿಸಪ್ಪಾ' ಅನ್ನುತ್ತಿದ್ದರು. ಹಿಂದೆ ನಿಂತವರು ಗೊಣಗುತ್ತಿದ್ದರು. ಇವನು ಏಳರ ಹತ್ತಿರ ತಪ್ಪಿ, ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ಒಂದು ಶನಿವಾರ ಹತ್ತೂ ಎಣಿಸಿ ಮುಗಿಸಿ, ನೋಟುಗಳನ್ನು ಜೇಬಿಗೆ ಹಾಕಿಕೊಂಡು, ಜೇಬಿನ ಮೇಲೆ ಕೈ ಇಟ್ಟುಕೊಂಡೇ ಬಾಗಿಲ ತನಕ ನಡೆದ. ಹೊರಗೆ ಬಂದು 'ಅತ್ತೆ, ಮಿರ್ಚಿ ನಾನು ಕೊಡಿಸ್ತೀನಿ' ಅಂದ.

18 ಆದಾಗ ಅವನ ಖಾತೆಗೆ ಹೊಸ ಮಾದರಿ ಸಹಿ, ಹೊಸ ಕೆವೈಸಿ ಕೇಳಿದರು. ಮ್ಯಾನೇಜರ್ ಹೊಸಬರು, ಅನುಮಾನ ಮಾಡಿದರು. ಕ್ಯಾಷಿಯರ್ ಎದ್ದು ಬಂದು 'ಸಾರ್, ಆರು ವರ್ಷದಿಂದ ವಾರವಾರ ಬರ್ತಾನೆ, ಅವನ ಸಹಿ ನನಗೆ ಗೊತ್ತು' ಅಂದರು. ಕೆಲಸ ಆಯಿತು. ಈಗ ಸಣ್ಣ ಖಾತೆ ಅವನೇ ನಡೆಸುತ್ತಾನೆ. ಅದರಲ್ಲಿ ಯಾವತ್ತೂ ಐದಾರು ಸಾವಿರಕ್ಕಿಂತ ಜಾಸ್ತಿ ಇಡುವುದಿಲ್ಲ, ಯಾರಾದರೂ ಮೋಸ ಮಾಡಿದರೂ ಹೋಗುವುದು ಅಷ್ಟೇ. ದೊಡ್ಡ ಎಫ್‌ಡಿಗಳಿಗೆ ಮಾತ್ರ ಅಣ್ಣ ಗಾರ್ಡಿಯನ್. ಹೀಗೆ ಎರಡು ಭಾಗ ಮಾಡಿಕೊಳ್ಳುವುದು ನನ್ನ ಪ್ರಕಾರ ಎಷ್ಟೋ ಮನೆಗಳಿಗೆ ಸರಿಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ಕಿತ್ತುಕೊಳ್ಳಬೇಕಾಗಿಲ್ಲ.

ಇನ್ನು ಗಾರ್ಡಿಯನ್ ಬೇಕೇಬೇಕು ಅನ್ನುವವರು. ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ.

1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಅದು ನಾಲ್ಕು ಥರದವರಿಗೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ. ಡೌನ್ ಸಿಂಡ್ರೋಮ್ ಬುದ್ಧಿಮಾಂದ್ಯತೆಯ ಲೆಕ್ಕಕ್ಕೆ ಬರುತ್ತದೆ. ಈ ಕಾಯ್ದೆಯಡಿ ಜಿಲ್ಲೆಯಲ್ಲಿ ಒಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಎಲ್‌ಎಲ್‌ಸಿ ಅಂದರೆ ಕಚೇರಿಯಲ್ಲಿ ಬೇಗ ಗೊತ್ತಾಗುತ್ತದೆ. ಜಿಲ್ಲಾಧಿಕಾರಿ, ನ್ಯಾಷನಲ್ ಟ್ರಸ್ಟಿನಲ್ಲಿ ನೋಂದಾಯಿಸಿದ ಸಂಸ್ಥೆಯ ಒಬ್ಬರು, ವಿಕಲಚೇತನರೇ ಆದ ಒಬ್ಬರು, ಈ ಮೂವರು ಅದರಲ್ಲಿರುತ್ತಾರೆ. ತಂದೆ, ತಾಯಿ ಅಥವಾ ಸಂಬಂಧಿಕರು ಅರ್ಜಿ ಹಾಕಬಹುದು. ಯಾರನ್ನು ಗಾರ್ಡಿಯನ್ ಮಾಡಬೇಕು ಅಂತ ನೀವೇ ಹೆಸರು ಸೂಚಿಸಬಹುದು. ಮಗುವಿನ ಅಂಗವೈಕಲ್ಯದ ಸರ್ಟಿಫಿಕೇಟ್ ಅಥವಾ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ವಯಸ್ಸಿನ ದಾಖಲೆ, ಎಲ್ಲರ ಆಧಾರ್, ಫೋಟೋ ತಯಾರಿಟ್ಟುಕೊಳ್ಳಿ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಎಲ್ಲಿ ಕೊಡಬೇಕು ಅಂತ ಹೇಳುತ್ತಾರೆ. ಹಳ್ಳಿಯವರು ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ.

ಸಮಿತಿ ಎರಡು ವಿಷಯ ನೋಡಲೇಬೇಕು ಅಂತ ಕಾಯ್ದೆಯಲ್ಲೇ ಇದೆ. ಈ ವ್ಯಕ್ತಿಗೆ ಗಾರ್ಡಿಯನ್ ಬೇಕಾ, ಬೇಕಾದರೆ ಯಾವ ಕೆಲಸಕ್ಕೆ. ಅರ್ಜಿಯಲ್ಲಿ 'ಮಗನನ್ನು ನೋಡಿಕೊಳ್ಳಲು' ಅಂತ ಸುಮ್ನೆ ಬರೆಯಬೇಡಿ. ಯಾವ ಬ್ಯಾಂಕಿನ ಖಾತೆ, ಯಾವ ಪೋಸ್ಟ್ ಆಫೀಸಿನ ಠೇವಣಿ, ಮಾಸಾಶನ ತೆಗೆಯುವುದು, ಹೀಗೆ ಬಿಡಿಸಿ ಬರೆಯಿರಿ. ಬ್ಯಾಂಕಿನವರಿಗೆ ಇಂಥ ಸ್ಪಷ್ಟ ಆದೇಶ ಕಂಡರೆ ಧೈರ್ಯ. ಇದನ್ನು ಕೌಂಟರಿನ ಒಳಗೆ ಕೂತಿದ್ದವಳಾಗಿ ಹೇಳುತ್ತಿದ್ದೇನೆ.

ಸಮಿತಿ ಮೂರು ತಿಂಗಳಿಗೆ ಒಂದು ಸಲವಾದರೂ ಸೇರಬೇಕು ಅಂತ ನಿಯಮ. ಅಂದರೆ ನಿಮ್ಮ ಅರ್ಜಿಯಲ್ಲಿ ಒಂದು ಕಾಗದ ಕಡಿಮೆ ಬಿದ್ದರೂ ಇನ್ನೊಂದು ಮೂರು ತಿಂಗಳು ಹೋಗಬಹುದು. ಆದ್ದರಿಂದ ಮಗುವಿಗೆ 17 ತುಂಬುತ್ತಿದ್ದಂತೆ ಕಾಗದ ಜೋಡಿಸಲು ಶುರು ಮಾಡಿ. ಯುಡಿಐಡಿ ಮಾಡಿಸಿಲ್ಲದಿದ್ದರೆ ಮೊದಲು ಅದು. ಆಧಾರಿನಲ್ಲಿ 15ನೇ ವರ್ಷದ ಬೆರಳಚ್ಚು ಹೊಸದು ಮಾಡಿಸಿದ್ದೀರಾ ನೋಡಿ, ಬೆರಳು ಬಿಡಿಸಲಾಗದ ಮಕ್ಕಳಿಗೆ ಅದರಲ್ಲಿ ವಿನಾಯಿತಿಯ ದಾರಿ ಇದೆ. ಹೆಸರಿನ ಕಾಗುಣಿತ ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ. ನಾನು ನೋಡಿದ ಅರ್ಧಕ್ಕರ್ಧ ಕೇಸು ನಿಂತದ್ದು ಕಾನೂನಿಂದ ಅಲ್ಲ, ಹೆಸರಿನ ಒಂದು ಅಕ್ಷರದಿಂದ.

ಗಾರ್ಡಿಯನ್ ಆದವರು ಮಾಲೀಕರಲ್ಲ. ಆರು ತಿಂಗಳೊಳಗೆ ಮಗುವಿನ ಆಸ್ತಿ, ಸಾಲ ಎಲ್ಲದರ ಪಟ್ಟಿ ಸಮಿತಿಗೆ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಒಂದು ನೋಟ್‌ಬುಕ್ ಇಡಿ, ಔಷಧಿ ಚೀಟಿ, ಡೈಪರ್ ಬಿಲ್ಲು ಎಲ್ಲ ಅಂಟಿಸಿ. ಮಗನ ದುಡ್ಡು ನಿಮ್ಮ ಖಾತೆಗೆ ಬೆರೆಸಬೇಡಿ. ದುರುಪಯೋಗ ಆದರೆ ಗಾರ್ಡಿಯನ್‌ನನ್ನು ತೆಗೆಸಲು ಸಂಬಂಧಿಕರು ಇದೇ ಸಮಿತಿಗೆ ಹೋಗಬಹುದು.

ಈ ನಾಲ್ಕರ ಲೆಕ್ಕಕ್ಕೆ ಬಾರದವರಿಗೆ, ಉದಾಹರಣೆಗೆ ಮಾನಸಿಕ ಕಾಯಿಲೆ ಇರುವವರಿಗೆ, 2016ರ ಕಾಯ್ದೆಯಲ್ಲಿ ಸೀಮಿತ ಗಾರ್ಡಿಯನ್‌ಶಿಪ್ ಇದೆ. ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಮಾಡಿದ ಅಧಿಕಾರಿ ಕೊಡಬೇಕು. ಇಂತಿಷ್ಟು ಕಾಲಕ್ಕೆ, ಇಂಥ ತೀರ್ಮಾನಕ್ಕೆ, ಅದೂ ಗಾರ್ಡಿಯನ್ ಮತ್ತು ಆ ವ್ಯಕ್ತಿ ಇಬ್ಬರೂ ಸೇರಿ ತೀರ್ಮಾನ ಮಾಡುವ ರೀತಿ. ಅದಕ್ಕೆ ವಕೀಲರ ಸಹಾಯ ಪಡೆಯುವುದೇ ಒಳ್ಳೆಯದು.

ಯಾವ ಉಳಿತಾಯ 18ಕ್ಕೆ ಏನಾಗುತ್ತದೆ ಅಂತ ಬೇಗ ಹೇಳಿಬಿಡುತ್ತೇನೆ. ಸುಕನ್ಯಾ ಸಮೃದ್ಧಿ ಇದ್ದರೆ 18 ಆದ ಮೇಲೆ ಮಗಳೇ ಖಾತೆ ನಡೆಸಬೇಕು, ದುಡ್ಡು ಪೂರ್ತಿ ಕೈಗೆ ಬರುವುದು ಖಾತೆ ತೆರೆದ 21 ವರ್ಷಕ್ಕೆ, ಹಾಗಾಗಿ ನಡುವೆ ಸಹಿ ಯಾರದು ಅನ್ನುವುದು ಮೊದಲೇ ತೀರ್ಮಾನ ಆಗಬೇಕು. ಮ್ಯೂಚುವಲ್ ಫಂಡ್ ಆದರೆ 18ರ ದಿನ ಎಸ್‌ಐಪಿ, ಅಂದರೆ ತಾನಾಗೇ ಹೋಗುವ ಕಂತು, ನಿಲ್ಲುತ್ತದೆ, ಹೊಸ ಕೆವೈಸಿ ಕೊಡುವವರೆಗೆ ತೆಗೆಯಲೂ ಆಗಲ್ಲ. ಪೋಸ್ಟ್ ಆಫೀಸಿನ ಉಳಿತಾಯ ಖಾತೆ ಮತ್ತು ಪಿಪಿಎಫ್ ವಾಸಿ, ತಾವೇ ನೋಡಿಕೊಳ್ಳಲಾಗದ ದೊಡ್ಡವರ ಹೆಸರಿನಲ್ಲೂ ಗಾರ್ಡಿಯನ್ ಮೂಲಕ ಖಾತೆಗೆ ಅವಕಾಶ ಇದೆ.

ಬೇಲಿ ಜಾಸ್ತಿ ಬೇಕು ಅಂದೆನಲ್ಲ, ಅದು ಇದು. ಇಷ್ಟೆಲ್ಲ ಓಡಾಟ ಕೇಳಿ, 'ಬೇಡ ಮೇಡಂ, ದುಡ್ಡೆಲ್ಲ ಅವನ ಅಣ್ಣನ ಹೆಸರಿಗೇ ಹಾಕಿಬಿಡ್ತೀವಿ, ಅವನೇ ನೋಡ್ಕೋತಾನೆ' ಅನ್ನುವವರು ಬಹಳ. ಈಗಲೂ ಇಲ್ಲಿ ಕೆಲವರು ಹಾಗೇ ಯೋಚಿಸುತ್ತಿದ್ದೀರಿ, ಅಲ್ವಾ? ಅಣ್ಣ ಒಳ್ಳೆಯವನೇ ಇರುತ್ತಾನೆ. ನಾನು ಕಂಡ ಒಂದು ಮನೆಯಲ್ಲಿ ಅಣ್ಣ ತಮ್ಮನಿಗೆ ಕೈಯಾರೆ ಊಟ ಮಾಡಿಸುತ್ತಿದ್ದ. ಅವನ ವ್ಯಾಪಾರ ಮುಳುಗಿತು. ಸಾಲ ಕೊಟ್ಟವರು ಅವನ ಹೆಸರಿನಲ್ಲಿದ್ದದ್ದನ್ನೆಲ್ಲ ಹಿಡಿದುಕೊಂಡರು, ತಮ್ಮನಿಗೆ ಅಂತ ಅಪ್ಪ ಇಟ್ಟಿದ್ದ ಠೇವಣಿಯೂ ಅದರಲ್ಲೇ ಹೋಯಿತು. ಕಾಗದದ ಮೇಲೆ ಅದು ತಮ್ಮನ ದುಡ್ಡೇ ಆಗಿರಲಿಲ್ಲ. ಯಾರನ್ನು ಕೇಳುವುದು? ಅಣ್ಣನನ್ನು ಗಾರ್ಡಿಯನ್ ಮಾಡಿ, ಖಂಡಿತ ಮಾಡಿ. ದುಡ್ಡು ಮಾತ್ರ ತಮ್ಮನ ಹೆಸರಿನಲ್ಲೇ ಇರಲಿ.

ಈಗ ನಿಮ್ಮಲ್ಲಿ ಎಷ್ಟು ಜನರ ಮಕ್ಕಳಿಗೆ 16, 17 ನಡೀತಿದೆ? ಕೈ ಎತ್ತಿ. ಹನ್ನೊಂದು ಜನ. ಊಟ ಆದ ಮೇಲೆ ಹೋಗಬೇಡಿ, ಆ ಕಿಟಕಿ ಪಕ್ಕದ ಮೇಜಿನ ಹತ್ತಿರ ನಾನು ಕೂತಿರುತ್ತೇನೆ. ಪಾಸ್‌ಬುಕ್, ಆಧಾರ್, ಯುಡಿಐಡಿ ತಂದಿದ್ದರೆ ತೋರಿಸಿ, ಮೊದಲು ಹೆಸರಿನ ಅಕ್ಷರ ತಾಳೆ ನೋಡೋಣ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ನಾನು ಹಳೆಯ ಚಲನ್ ಪುಸ್ತಕ ಒಂದು ತಂದಿದ್ದೇನೆ, ನಾವು ಮಾತಾಡುವಾಗ ಅವರು ಬರೆಯಲಿ.